ಸಾಕುಪ್ರಾಣಿ ಹಿಂಸೆ: ಕೆಂಪಾಪುರ–ಹೆಬ್ಬಾಳ ಭಾಗದಲ್ಲಿ ಪತ್ತೆ, ತನಿಖೆ, ತಡೆ

ಸಾಕಿದವರಿಂದಲೋ ನೆರೆಯವರಿಂದಲೋ ನಾಯಿ, ಬೆಕ್ಕು, ಹಕ್ಕಿ ಮೊದಲಾದ ಮನೆಪ್ರಾಣಿಗಳಿಗೆ ಅನಗತ್ಯವಾಗಿ ಒದಗುವ ನೋವನ್ನು ಸಾಕುಪ್ರಾಣಿ ಹಿಂಸೆ ಎನ್ನುತ್ತಾರೆ. ಹೊಡೆತ, ವಿಷ, ಬಿಸಿನೀರು ಎರಚುವುದು ಇದರ ಕಣ್ಣಿಗೆ ಬೀಳುವ ರೂಪಗಳು. ಕಣ್ಣಿಗೆ ಬೀಳದವೇ ಹೆಚ್ಚು: ಹಗಲಿಡೀ ಬಾಲ್ಕನಿಯಲ್ಲಿ ಕಟ್ಟಿಹಾಕಿದ ನಾಯಿ, ಬಾಡಿಗೆ ಮನೆ ಖಾಲಿ ಮಾಡುವಾಗ ಬೀದಿಗೆ ಬಿಟ್ಟುಹೋದ ಬೆಕ್ಕು, ಮೈಯೆಲ್ಲ ಹುಣ್ಣಾದರೂ ಆಸ್ಪತ್ರೆ ಕಾಣದ ಮುದಿನಾಯಿ. ಮೊದಲ ಬಗೆಯದಕ್ಕೆ ಜನ ಸೇರುತ್ತಾರೆ, ವಿಡಿಯೋ ಹರಿದಾಡುತ್ತದೆ. ಎರಡನೆಯದು ಗೋಡೆಯಾಚೆಗೆ ನಡೆಯುತ್ತದೆ. ಅದನ್ನು ಹೊರಗೆ ತರಬಲ್ಲವರು ಅಕ್ಕಪಕ್ಕದವರು ಮಾತ್ರ. ಬಡಾವಣೆ ಮಟ್ಟದ ತನಿಖೆಯ ಕಷ್ಟವೂ ಸಾಧ್ಯತೆಯೂ ಇರುವುದು ಈ ಎರಡನೆಯ ಬಗೆಯಲ್ಲೇ.

ಬೆಂಗಳೂರಿನಲ್ಲಿ ಕೆಂಪಾಪುರ ಎಂಬ ಹೆಸರು ಒಂದಕ್ಕಿಂತ ಹೆಚ್ಚು ಕಡೆ ಇದೆ. ಮಾಗಡಿ ರಸ್ತೆ ಕಡೆ ಕೆಂಪಾಪುರ ಅಗ್ರಹಾರವಿದೆ, ಯಮಲೂರಿನ ಬಳಿ ಇನ್ನೊಂದು ಕೆಂಪಾಪುರವಿದೆ. ಈ ಲೇಖನದ ಕೆಂಪಾಪುರ ಹೆಬ್ಬಾಳದ್ದು: ಬಳ್ಳಾರಿ ರಸ್ತೆಯ ಪೂರ್ವಕ್ಕೆ, ಕಾಫಿ ಬೋರ್ಡ್ ಬಡಾವಣೆ, ಅಮೃತಹಳ್ಳಿ, ದಾಸರಹಳ್ಳಿಗಳ ನಡುವೆ ಹರಡಿಕೊಂಡ ಹಳೆಯ ಹಳ್ಳಿ. ಸಿಂಧಿ ಕಾಲೇಜು, ಪ್ರೆಸಿಡೆನ್ಸಿ ಕಾಲೇಜು ಇಲ್ಲಿವೆ; ಮಾನ್ಯತಾ ಟೆಕ್ ಪಾರ್ಕ್ ದೂರವಿಲ್ಲ. ಹೀಗಾಗಿ ಹಳ್ಳಿಯ ಹಳೆಯ ಮನೆಗಳು, ಅಪಾರ್ಟ್‌ಮೆಂಟುಗಳು, ಪಿಜಿಗಳು ಒಂದರ ಮಗ್ಗುಲಲ್ಲಿ ಒಂದು ನಿಂತಿವೆ. ಅಂಗಳದಲ್ಲಿ ಕಟ್ಟಿದ ನಾಟಿ ನಾಯಿಯೂ ಆರನೇ ಮಹಡಿಯ ಹಸ್ಕಿಯೂ ಒಂದೇ ಅಡ್ಡರಸ್ತೆಯಲ್ಲಿ ಸಿಗುತ್ತವೆ. ಸೈಬೀರಿಯಾದ ಚಳಿಗೆ ಹುಟ್ಟಿದ ನಾಯಿಯನ್ನು ಏಪ್ರಿಲ್ ಬಿಸಿಲಿನ ಬಾಲ್ಕನಿಯಲ್ಲಿ ಬಿಟ್ಟು ಕೆಲಸಕ್ಕೆ ಹೋಗುವವರಿಗೆ ತಾವು ಹಿಂಸೆ ಮಾಡುತ್ತಿದ್ದೇವೆ ಎಂಬ ಅರಿವೇ ಇರುವುದಿಲ್ಲ.

ಹಿನ್ನೆಲೆ

ಕನ್ನಡ ನಾಡಿನಲ್ಲಿ ನಾಯಿಗೆ ಸಂದ ಗೌರವಕ್ಕೆ ಕಲ್ಲಿನ ಸಾಕ್ಷಿಯೇ ಇದೆ. ಹತ್ತನೆಯ ಶತಮಾನದ ಆತಕೂರು ಶಾಸನ, ಗಂಗರ ದೊರೆ ಎರಡನೆಯ ಬೂತುಗನಿಂದ ಮಣಲೇರ ಎಂಬ ವೀರ ಕೇಳಿ ಪಡೆದ ಕಾಳಿ ಎಂಬ ಬೇಟೆನಾಯಿ ಹಂದಿಯೊಡನೆ ಹೋರಾಡಿ ಸತ್ತದ್ದನ್ನು ದಾಖಲಿಸುತ್ತದೆ. ಮಂಡ್ಯ ಜಿಲ್ಲೆಯ ಆ ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆದರೂ ಶೌರ್ಯ ತೋರಿದ ಪ್ರಾಣಿಗೆ ಗೌರವ ಸಲ್ಲಿಸುವುದೇ ಬೇರೆ, ಕೈಲಾಗದ ಪ್ರಾಣಿಗೆ ರಕ್ಷಣೆ ಕೊಡುವುದೇ ಬೇರೆ. ಎರಡನೆಯದು ಕಾನೂನಾಗಿ ಬಂದದ್ದು ಬಹಳ ತಡವಾಗಿ. ಇಂಗ್ಲೆಂಡಿನಲ್ಲಿ ದನ, ಕುದುರೆಗಳ ಮೇಲಿನ ಕ್ರೌರ್ಯದ ವಿರುದ್ಧ ಮಾರ್ಟಿನ್ ಕಾಯ್ದೆ 1822ರಲ್ಲಿ ಬಂತು. 1824ರಲ್ಲಿ ಲಂಡನ್ನಿನಲ್ಲಿ ಪ್ರಾಣಿ ಹಿಂಸೆ ತಡೆ ಸಂಘ ಹುಟ್ಟಿತು. 1861ರಲ್ಲಿ ಕಲ್ಕತ್ತೆಯಲ್ಲಿ ಅಂಥದೇ ಸಂಘ ಸ್ಥಾಪನೆಯಾಯಿತು. 1890ರ ಕಾಯ್ದೆ ಸಾಲದೆಂದು ರಾಜ್ಯಸಭೆಯಲ್ಲಿ ಖಾಸಗಿ ಮಸೂದೆ ಮಂಡಿಸಿದವರು ನೃತ್ಯ ಕಲಾವಿದೆ ರುಕ್ಮಿಣಿ ದೇವಿ ಅರುಂಡೇಲ್. ಆ ಒತ್ತಾಯದ ಫಲವೇ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ. ಅದರ ಅಡಿಯಲ್ಲಿ 1962ರಲ್ಲಿ ರಚನೆಯಾದ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯನ್ನು ಮೊದಲು ಮುನ್ನಡೆಸಿದವರೂ ಅವರೇ.

ಹೆಬ್ಬಾಳಕ್ಕೆ ಪ್ರಾಣಿವೈದ್ಯದ ನಂಟು 1960ರ ಕಾಯ್ದೆಗಿಂತ ಹಳೆಯದು. ದನಗಳ ದೊಡ್ಡರೋಗಕ್ಕೆ ಸೀರಂ ತಯಾರಿಸಲು 1925ರಲ್ಲಿ ಮೈಸೂರು ಸೀರಂ ಸಂಸ್ಥೆ ಇಲ್ಲಿ ಆರಂಭವಾಯಿತು. ಇಂದಿನ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ ಅದೇ. 1958ರಲ್ಲಿ ಪಶುವೈದ್ಯಕೀಯ ಕಾಲೇಜು ಬಂತು. ಈಗ ಅದು ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಕಾಲೇಜಿನ ಆವರಣದ ರೇಬಿಸ್ ಪ್ರಯೋಗಾಲಯಕ್ಕೆ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮಾನ್ಯತೆಯಿದೆ. ಜೈಪುರದಲ್ಲಿ ‘ಹೆಲ್ಪ್ ಇನ್ ಸಫರಿಂಗ್’ ಕಟ್ಟಿದ್ದ ಕ್ರಿಸ್ಟಲ್ ರೋಜರ್ಸ್ ಎಂಬ ಇಂಗ್ಲಿಷ್ ಮಹಿಳೆ ಇಳಿವಯಸ್ಸಿನಲ್ಲಿ ಬೆಂಗಳೂರಿಗೆ ಬಂದು 1991ರಲ್ಲಿ ಸ್ಥಾಪಿಸಿದ ಪ್ರಾಣಿರಕ್ಷಣಾ ಸಂಸ್ಥೆ ‘ಕ್ಯೂಪಾ’ ನೆಲೆಯೂರಿದ್ದೂ ಇದೇ ಕಾಲೇಜಿನ ಆವರಣದಲ್ಲಿ. ಕೆಂಪಾಪುರದವರಿಗೆ ಇವೆಲ್ಲ ಫ್ಲೈಓವರ್ ದಾಟಿದರೆ ಸಿಗುವ ದೂರದಲ್ಲಿವೆ. ಮರಣೋತ್ತರ ಪರೀಕ್ಷೆ ಮಾಡಬಲ್ಲವರು, ವಿಷ ಗುರುತಿಸಬಲ್ಲವರು, ಪ್ರಾಣಿಗೆ ಆಸರೆ ಕೊಡಬಲ್ಲವರು ಇಷ್ಟು ಹತ್ತಿರದಲ್ಲಿರುವ ಬಡಾವಣೆಗಳು ರಾಜ್ಯದಲ್ಲಿ ಹೆಚ್ಚಿಲ್ಲ. ಕೊರತೆ ಇರುವುದು ಲಿಖಿತ ದೂರಿನದು. ದೀಪದ ಬುಡದಲ್ಲಿ ಕತ್ತಲೆ ಎಂಬ ಮಾತು ಇಲ್ಲಿಗೆ ಒಪ್ಪುತ್ತದೆ.

ಕಾನೂನು ಎಲ್ಲಿ ಹಿಡಿಯುತ್ತದೆ, ಎಲ್ಲಿ ಜಾರುತ್ತದೆ

1960ರ ಕಾಯ್ದೆಯ 11ನೇ ಕಲಂ ಹಿಂಸೆಯ ಬಗೆಗಳನ್ನು ಒಂದೊಂದಾಗಿ ಹೆಸರಿಸುತ್ತದೆ. ಹೊಡೆಯುವುದು, ಒದೆಯುವುದು ಅದರಲ್ಲಿವೆ. ತೀರಾ ಗಿಡ್ಡ ಅಥವಾ ತೀರಾ ಭಾರದ ಸರಪಳಿಯಲ್ಲಿ ಕಟ್ಟುವುದು, ಸದಾ ಕಟ್ಟಿಹಾಕಿದ ನಾಯಿಯನ್ನು ಅಡ್ಡಾಡಿಸದೆ ಇರುವುದು, ಸಾಕಷ್ಟು ಅನ್ನ, ನೀರು, ನೆರಳು ಕೊಡದಿರುವುದು, ಸಕಾರಣವಿಲ್ಲದೆ ತೊರೆದುಬಿಡುವುದು ಕೂಡ ಅಪರಾಧಗಳೇ. ನಾಯಿಗೆ ವ್ಯಾಯಾಮ ತಪ್ಪಿಸುವುದು ಅಪರಾಧ ಎಂದು ಅರವತ್ತು ವರ್ಷಗಳ ಹಿಂದೆಯೇ ಬರೆದವರ ಕಣ್ಣು ಸೂಕ್ಷ್ಮವಾಗಿತ್ತು ಎನ್ನಬೇಕು. ದಂಡದ ವಿಷಯದಲ್ಲಿ ಮಾತ್ರ ಕಾಯ್ದೆ 1960ರಲ್ಲೇ ನಿಂತುಹೋಗಿದೆ. ಮೊದಲ ಸಲದ ತಪ್ಪಿಗೆ 10ರಿಂದ 50 ರೂಪಾಯಿ ದಂಡ. ಮೂರು ವರ್ಷದೊಳಗೆ ಮತ್ತೆ ಮಾಡಿದರೆ 25ರಿಂದ 100 ರೂಪಾಯಿ ದಂಡ, ಇಲ್ಲವೇ ಮೂರು ತಿಂಗಳವರೆಗೆ ಸಜೆ, ಅಥವಾ ಎರಡೂ. ಐವತ್ತು ರೂಪಾಯಿಗೆ ಇವತ್ತು ದರ್ಶಿನಿಯಲ್ಲಿ ಒಂದು ಮಸಾಲೆದೋಸೆ ಸಿಗುವುದೂ ಅನುಮಾನ.

ದಂಡದ ಮೊತ್ತಕ್ಕಿಂತ ತನಿಖೆಗೆ ಹೆಚ್ಚು ಅಡ್ಡಬರುವುದು ಬೇರೆ ಎರಡು ಕಲಂಗಳು. ಇವುಗಳ ಬಗ್ಗೆ ಮಾತಾಡುವವರು ಕಡಿಮೆ. ಒಂದು, 31ನೇ ಕಲಂ. ಅದರ ಪ್ರಕಾರ ಅಂಗಭಂಗ ಮಾಡುವುದು, ಕ್ರೂರವಾಗಿ ಕೊಲ್ಲುವುದು ಮುಂತಾದ ಕೆಲವೇ ಅಪರಾಧಗಳಲ್ಲಿ ಪೊಲೀಸರು ತಾವಾಗಿ ಪ್ರಕರಣ ದಾಖಲಿಸಬಹುದು. ಹೊಡೆತ, ಸರಪಳಿ, ಉಪವಾಸ ಇವು ಅಸಂಜ್ಞೇಯ. ಠಾಣೆಯಲ್ಲಿ ಅಸಂಜ್ಞೇಯ ಅಪರಾಧದ ವರದಿ (ಎನ್‌ಸಿಆರ್) ಬರೆದುಕೊಂಡು, ನ್ಯಾಯಾಧೀಶರ ಅನುಮತಿ ಪಡೆದ ಮೇಲೆಯೇ ತನಿಖೆ. ‘ಪೊಲೀಸರು ಎಫ್‌ಐಆರ್ ಹಾಕಲಿಲ್ಲ’ ಎಂಬ ದೂರುಗಳಲ್ಲಿ ಎಲ್ಲವೂ ಪೊಲೀಸರ ಅಸಡ್ಡೆಯಿಂದ ಹುಟ್ಟಿದವಲ್ಲ. ಎರಡು, 36ನೇ ಕಲಂ: ಕೃತ್ಯ ನಡೆದ ಮೂರು ತಿಂಗಳೊಳಗೆ ಮೊಕದ್ದಮೆ ಹೂಡದಿದ್ದರೆ ಈ ಕಾಯ್ದೆಯಡಿ ಬಾಗಿಲು ಮುಚ್ಚಿತು. ಅಸೋಸಿಯೇಷನ್ ಸಭೆಗೆ ಕಾಯುತ್ತಾ, ‘ಮುಂದಿನ ತಿಂಗಳು ಮಾತಾಡೋಣ’ ಎನ್ನುತ್ತಾ ಕುಳಿತರೆ ಅವಧಿ ಮುಗಿದೇಹೋಗುತ್ತದೆ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಇದ್ದುದರಲ್ಲಿ ಗಟ್ಟಿ. ಪ್ರಾಣಿಯನ್ನು ಕೊಲ್ಲುವುದು, ವಿಷ ಹಾಕುವುದು, ಊನಗೊಳಿಸುವುದು ಸಂಜ್ಞೇಯ ಅಪರಾಧ. ಐದು ವರ್ಷದವರೆಗೆ ಸಜೆಯಾಗಬಹುದು. ಹಳೆಯ ದಂಡಸಂಹಿತೆಯಲ್ಲಿ ಪ್ರಾಣಿಯ ಬೆಲೆ ಹತ್ತು ರೂಪಾಯಿಯೋ ಐವತ್ತು ರೂಪಾಯಿಯೋ ಎಂಬುದರ ಮೇಲೆ ಶಿಕ್ಷೆ ಬದಲಾಗುತ್ತಿತ್ತು. ಆ ಬೆಲೆಪಟ್ಟಿ ಈಗಿಲ್ಲ. ಆದರೆ ಈ ಕಲಂ ನಿಂತಿರುವುದು ಇನ್ನೊಬ್ಬರಿಗೆ ನಷ್ಟ ಉಂಟುಮಾಡುವ ‘ಕೇಡಿನ’ ಅಪರಾಧದ ಮೇಲೆ. ಪ್ರಾಣಿ ಇಲ್ಲಿ ಇನ್ನೂ ಆಸ್ತಿಯೇ. ನೆರೆಯವನ ನಾಯಿಗೆ ವಿಷವಿಟ್ಟವನನ್ನು ಇದು ಸಲೀಸಾಗಿ ಹಿಡಿಯುತ್ತದೆ, ತನ್ನದೇ ನಾಯಿಯನ್ನು ಕೊಂದವನ ವಿಷಯದಲ್ಲಿ ವಕೀಲರಿಗೆ ವಾದ ಮಾಡಲು ಜಾಗ ಉಳಿಯುತ್ತದೆ. ಅದಕ್ಕಾಗಿಯೇ ದೂರಿನಲ್ಲಿ ಅಂಗಭಂಗ, ಕ್ರೂರ ಹತ್ಯೆಗೆ ಸಂಬಂಧಿಸಿದ 1960ರ ಕಾಯ್ದೆಯ 11(1)(ಎಲ್) ಅನ್ನೂ ಜೊತೆಗೆ ಬರೆಸುವುದು ಜಾಣತನ. ಪ್ರಾಣಿಗಳ ಮೇಲಿನ ಲೈಂಗಿಕ ಹಿಂಸೆಗೆ ಅನ್ವಯಿಸುತ್ತಿದ್ದ ಹಳೆಯ 377ನೇ ಕಲಂ ಹೊಸ ಸಂಹಿತೆಯಲ್ಲಿ ಬಿಟ್ಟುಹೋಗಿದೆ, ಬದಲಿಗೆ ಏನನ್ನೂ ಸೇರಿಸಿಲ್ಲ. ಇದು ಸಣ್ಣ ಲೋಪವಲ್ಲ.

ನ್ಯಾಯಾಲಯಗಳು ಕಾನೂನಿಗಿಂತ ಮುಂದೆ ನಡೆದಿವೆ. ಜಲ್ಲಿಕಟ್ಟಿಗೆ ಸಂಬಂಧಿಸಿದ ಎ. ನಾಗರಾಜ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರ ಮೇ 7ರಂದು ಹಸಿವು, ನೋವು, ಭಯಗಳಿಂದ ಮುಕ್ತಿ ಮೊದಲಾದ ಐದು ಸ್ವಾತಂತ್ರ್ಯಗಳನ್ನು ಪ್ರಾಣಿಗಳಿಗೆ ಮಾನ್ಯ ಮಾಡಿತು. 2024ರ ಮಾರ್ಚ್‌ನಲ್ಲಿ 23 ‘ಅಪಾಯಕಾರಿ’ ತಳಿಗಳನ್ನು ನಿಷೇಧಿಸಲು ಕೇಂದ್ರ ಹೊರಡಿಸಿದ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ ಮರುತಿಂಗಳೇ ರದ್ದುಮಾಡಿತು. ಇಂಥ ಸುತ್ತೋಲೆಗಳು ಬಂದಾಗಲೆಲ್ಲ ಹೆದರಿದ ಮಾಲೀಕರು ಮೊದಲು ಮಾಡುವ ಕೆಲಸ ನಾಯಿಯನ್ನು ದೂರದ ರಸ್ತೆಗೆ ಬಿಟ್ಟುಬರುವುದು. ಒಂದು ಅಪರಾಧ ತಡೆಯಲು ಹೋಗಿ ಇನ್ನೊಂದನ್ನು ಸಾಕಿದಂತೆ.

ತನಿಖೆ

ಸಂಶಯ ಬಂದ ಕೂಡಲೇ ಗೇಟು ಹಾರಿ ನಾಯಿಯನ್ನು ಬಿಡಿಸಿ ತರುವುದು ಸಿನಿಮಾದಲ್ಲಿ ಚೆನ್ನ. ಹಾಗೆ ಮಾಡಿದವರ ಮೇಲೆಯೇ ಅತಿಕ್ರಮ ಪ್ರವೇಶ, ಕಳವಿನ ದೂರು ಬೀಳುತ್ತದೆ. ಸ್ವಯಂಸೇವಾ ಸಂಸ್ಥೆಯವರಿಗೂ ಮನೆಯೊಳಗೆ ನುಗ್ಗುವ ಅಧಿಕಾರವಿಲ್ಲ. 34ನೇ ಕಲಂ ಪ್ರಕಾರ ಪ್ರಾಣಿಯನ್ನು ವಶಕ್ಕೆ ಪಡೆದು ಪಶುವೈದ್ಯರ ಅಥವಾ ನ್ಯಾಯಾಧೀಶರ ಮುಂದೆ ಹಾಜರುಪಡಿಸಬಲ್ಲವರು ಕಾನ್‌ಸ್ಟೆಬಲ್‌ಗಿಂತ ಮೇಲಿನ ದರ್ಜೆಯ ಪೊಲೀಸರು, ಇಲ್ಲವೇ ಸರ್ಕಾರ ಅಧಿಕಾರ ಕೊಟ್ಟವರು. ಕೆಂಪಾಪುರದ ಪಂಪಾ ಬಡಾವಣೆ ಕಡೆಗೆ ಅಮೃತಹಳ್ಳಿ ಪೊಲೀಸ್ ಠಾಣೆ. ತುರ್ತಿದ್ದರೆ 112.

ನೆರೆಯವರಿಗೆ ಉಳಿಯುವ ಕೆಲಸ ದಾಖಲೆ. ಎದುರು ಮನೆಯ ನಾಯಿ ಸೊರಗಿದೆ ಎಂದಷ್ಟೇ ಬರೆದರೆ ಯಾರೂ ಏನೂ ಮಾಡಲಾರರು. ನೋಡುವ ಕಣ್ಣು ಪಳಗಬೇಕು. ಪಶುವೈದ್ಯರು ನಾಯಿಯ ಮೈಕಟ್ಟನ್ನು 1ರಿಂದ 9ರವರೆಗೆ ಅಳೆಯುತ್ತಾರೆ. ನಾಲ್ಕು–ಐದು ಸರಿಯಾದದ್ದು, ಪಕ್ಕೆಲುಬು, ಬೆನ್ನುಮೂಳೆ, ಸೊಂಟದ ಮೂಳೆ ದೂರದಿಂದಲೇ ಎದ್ದು ಕಂಡರೆ ಒಂದು. ಸದಾ ಕಟ್ಟಿದ ನಾಯಿಯ ಉಗುರು ಸವೆಯದೆ ಬೆಳೆದು ಒಳಕ್ಕೆ ಬಾಗಿರುತ್ತದೆ. ಸಿಮೆಂಟಿನ ಮೇಲೇ ಮಲಗಿ ಮೊಣಕೈಯಲ್ಲಿ ಕೂದಲು ಉದುರಿ ಚರ್ಮ ದಪ್ಪಗಟ್ಟಿರುತ್ತದೆ. ಮೂತ್ರದಲ್ಲೇ ಕೂರಬೇಕಾದ ನಾಯಿಗೆ ತೊಡೆ, ಹೊಟ್ಟೆಯ ಅಡಿ ಕೆಂಪಗೆ ಸುಟ್ಟಂತಾಗುತ್ತದೆ. ಮರಿಯಿದ್ದಾಗ ಹಾಕಿದ ಪಟ್ಟಿಯನ್ನು ಸಡಿಲಿಸದೆ ಬಿಟ್ಟರೆ ಅದು ಕುತ್ತಿಗೆಯ ಮಾಂಸದೊಳಕ್ಕೇ ಇಳಿದು, ಮೇಲೆ ಕೂದಲು ಮುಚ್ಚಿ, ವಾಸನೆಯಿಂದಷ್ಟೇ ಗೊತ್ತಾಗುವುದುಂಟು. ನೀರಿನ ಬೋಗುಣಿಯಲ್ಲಿ ಪಾಚಿ ಕಟ್ಟಿದೆಯೇ, ನೆರಳು ಮಧ್ಯಾಹ್ನ ಎಲ್ಲಿಗೆ ಸರಿಯುತ್ತದೆ, ಸರಪಳಿ ಆ ನೆರಳನ್ನು ಮುಟ್ಟುತ್ತದೆಯೇ ಎಂಬುದನ್ನೆಲ್ಲ ಬೇರೆ ಬೇರೆ ದಿನ, ಒಂದೇ ಹೊತ್ತಿಗೆ, ಸಾರ್ವಜನಿಕ ಜಾಗದಿಂದಲೋ ಸ್ವಂತ ಮನೆಯಿಂದಲೋ ತೆಗೆದ ಚಿತ್ರಗಳು ಹೇಳಬೇಕು. ಒಂದು ಚಿತ್ರ ಏನನ್ನೂ ಸಾಬೀತು ಮಾಡದು. ಎರಡು ವಾರದ ಚಿತ್ರಗಳ ಸಾಲು ‘ಇವತ್ತೊಂದು ದಿನ ಮರೆತುಹೋಯಿತು’ ಎಂಬ ಸಬೂಬನ್ನು ಮುರಿಯುತ್ತದೆ.

ಕೋರ್ಟಿಗೆ ಹೋಗುವ ವಿಡಿಯೋಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕು. ಹಾಗಾಗಿ ಮೂಲ ಫೋನನ್ನು ಕಳೆದುಕೊಳ್ಳಬಾರದು, ಮೂಲ ಕಡತವನ್ನು ಅಳಿಸಬಾರದು. ವಾಟ್ಸಾಪಿನಲ್ಲಿ ಸುತ್ತಾಡಿ ಬಂದ ನಕಲು ಗದ್ದಲಕ್ಕೆ ಸಾಕು, ಸಾಕ್ಷ್ಯಕ್ಕೆ ಸಾಲದು. ಅಪಾರ್ಟ್‌ಮೆಂಟಿನ ಸಿಸಿಟಿವಿ ಹಳೆಯ ದೃಶ್ಯದ ಮೇಲೆ ಹೊಸದನ್ನು ಬರೆದುಕೊಳ್ಳುತ್ತಾ ಹೋಗುತ್ತದೆ. ದೃಶ್ಯವನ್ನು ಕಾದಿರಿಸುವಂತೆ ಅಸೋಸಿಯೇಷನ್‌ಗೆ ಅದೇ ದಿನ ಬರಹದಲ್ಲಿ ಕೇಳಬೇಕು.

ವಿಷದ ಪ್ರಕರಣಗಳ ದಾರಿಯೇ ಬೇರೆ. ಸತ್ತ ನಾಯಿಯನ್ನು ಗಡಿಬಿಡಿಯಲ್ಲಿ ಹೂಳಿದರೆ ಪ್ರಕರಣವೂ ಅದರ ಜೊತೆ ಮಣ್ಣಾಗುತ್ತದೆ. ದೇಹವನ್ನು ಮಂಜುಗಡ್ಡೆಯಲ್ಲಿ ತಂಪಾಗಿಟ್ಟು, ಪೊಲೀಸರ ಪತ್ರದೊಂದಿಗೆ ಪಶುವೈದ್ಯರಿಗೆ ಒಪ್ಪಿಸಬೇಕು. ಅವರು ಜಠರದ ಒಳಗಿರುವುದನ್ನೂ ಯಕೃತ್ತು, ಮೂತ್ರಪಿಂಡದ ತುಂಡುಗಳನ್ನೂ ಉಪ್ಪಿನ ಗಾಢ ದ್ರಾವಣದಲ್ಲಿಟ್ಟು, ಬಾಟಲಿಗೆ ಮೊಹರು ಹಾಕಿ, ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಲು ಕೊಡುತ್ತಾರೆ. ಫಾರ್ಮಲಿನ್ನಿನಲ್ಲಿಟ್ಟರೆ ವಿಷದ ಪರೀಕ್ಷೆ ಕೆಡುತ್ತದೆ. ಬಾಯಿಯಲ್ಲಿ ನೊರೆ, ನಡುಕ, ಸೂಜಿಮೊನೆಯಷ್ಟು ಕಿರಿದಾದ ಕಣ್ಣಪಾಪೆ ಕಂಡರೆ ಕೀಟನಾಶಕದ ಗುಮಾನಿ. ವಾಂತಿಯಲ್ಲಿ ಬೆಳ್ಳುಳ್ಳಿಯಂಥ ವಾಸನೆ ಬಂದರೆ ಇಲಿಪಾಷಾಣದ ಫಾಸ್ಫೈಡ್ ಇರಬಹುದು. ಉಳಿದ ಮಾಂಸದ ತುಂಡು, ಬಿಸ್ಕತ್ತು, ಕಾಗದ ಎಲ್ಲವೂ ಮಹಜರಿನಲ್ಲಿ ಪಂಚರ ಮುಂದೆ ಸೇರಬೇಕು, ಬರಿಗೈಯಲ್ಲಿ ಮುಟ್ಟಬಾರದು. ನಾಯಿ ಸಾಯುವ ಮುನ್ನ ವರ್ತನೆ ಬದಲಾಗಿತ್ತು ಎಂದಾದರೆ ರೇಬಿಸ್ ಪರೀಕ್ಷೆಯನ್ನೂ ಮಾಡಿಸಬೇಕು. ಅಂಥ ದೇಹವನ್ನು ಅಪ್ಪಿ ಅಳುವುದು ಮನೆಯವರಿಗೇ ಅಪಾಯ.

ವಶಕ್ಕೆ ಪಡೆದ ಜೀವಂತ ನಾಯಿ ಕಾಗದಪತ್ರದಲ್ಲಿ ‘ಮುದ್ದೇಮಾಲು’, ಅಂದರೆ ಪ್ರಕರಣದ ವಸ್ತು. ಇಂಥ ಪ್ರಾಣಿಗಳ ಪಾಲನೆಯ ಬಗೆಗಿನ 2017ರ ನಿಯಮಗಳ ಪ್ರಕಾರ ಮೊಕದ್ದಮೆ ಮುಗಿಯುವವರೆಗೆ ಅದನ್ನು ಆಸರೆ ಕೇಂದ್ರದಲ್ಲಿ ಇರಿಸಬಹುದು. ಸಾಕುವ ಖರ್ಚನ್ನು ಆರೋಪಿಯಿಂದ ವಸೂಲು ಮಾಡಲು ಅವಕಾಶವಿದೆ. ತಪ್ಪು ಸಾಬೀತಾದರೆ 29ನೇ ಕಲಂ ಅಡಿ ನ್ಯಾಯಾಲಯ ಒಡೆತನವನ್ನೇ ಕಸಿದುಕೊಳ್ಳಬಹುದು. ಇಡೀ ಕಾಯ್ದೆಯಲ್ಲಿ ಪ್ರಾಣಿಗೆ ನೇರವಾಗಿ ಉಪಯೋಗಕ್ಕೆ ಬರುವ ಶಿಕ್ಷೆ ಇದೊಂದೇ. ವಿಚಾರಣೆ ವರ್ಷಗಟ್ಟಲೆ ಎಳೆದರೆ ಅಷ್ಟು ಕಾಲ ನಾಯಿ ಕೇಂದ್ರದ ಗೂಡಿನಲ್ಲೇ ಉಳಿಯುತ್ತದೆ.

ಬೆಂಗಳೂರಿನ ಪ್ರಕರಣಗಳು

2016ರ ಮಾರ್ಚ್‌ನಲ್ಲಿ ಜಾಲಹಳ್ಳಿ ಕಡೆಯ ಬಡಾವಣೆಯೊಂದರಲ್ಲಿ, ತಾಯಿನಾಯಿಗೆ ‘ಬುದ್ಧಿ ಕಲಿಸಲು’ ಮಹಿಳೆಯೊಬ್ಬರು ಎಂಟು ಎಳೆ ಮರಿಗಳನ್ನು ಬಂಡೆಗೆ ಅಪ್ಪಳಿಸಿದರೆಂಬ ದೂರು ಬಂದಾಗ ನಗರ ಬೆಚ್ಚಿತು.  2022ರ ಜನವರಿಯಲ್ಲಿ ಜಯನಗರದಲ್ಲಿ ರಸ್ತೆಬದಿ ಮಲಗಿದ್ದ ಲಾರಾ ಎಂಬ ಬೀದಿನಾಯಿಯ ಮೇಲೆ ಕಾರು ಹರಿದ ದೃಶ್ಯ ಹೊರಬಂದಾಗ ‘ಐವತ್ತು ರೂಪಾಯಿ ದಂಡ ಇನ್ನು ಬೇಡ’ ಎಂಬ ಕೂಗು ಬೆಂಗಳೂರಿನಲ್ಲಿ ಜೋರಾಯಿತು. ಉತ್ತರ ಬೆಂಗಳೂರಿನ ಇನ್ನೊಂದು ಪ್ರಕರಣ ಬಾಗಲೂರಿನದು. ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಮನೆಕೆಲಸದಾಕೆ ಸಾಕುನಾಯಿಯನ್ನು ಬಡಿದು ಕೊಂದರೆಂಬ ಆರೋಪ 2025ರ ನವೆಂಬರ್ ಮೊದಲಲ್ಲಿ ಸುದ್ದಿಯಾಯಿತು, ಬಂಧನವೂ ಆಯಿತು. ಲಿಫ್ಟಿನ ಕ್ಯಾಮೆರಾ ಇರದಿದ್ದರೆ ಅದು ‘ಹೇಗೋ ಸತ್ತುಹೋಯಿತು’ ಎಂಬಲ್ಲಿಗೆ ಮುಗಿಯುತ್ತಿತ್ತು. ಈ ಮೂರೂ ಸುದ್ದಿಯಾದದ್ದು ರಕ್ತ ಕಂಡಿದ್ದರಿಂದ. ಸರಪಳಿಯ ನಾಯಿ, ತೊರೆದ ಬೆಕ್ಕು ಪತ್ರಿಕೆಗೆ ಬರುವುದಿಲ್ಲ.

ತಡೆ

ಎಲ್ಲ ನಿರ್ಲಕ್ಷ್ಯದ ಹಿಂದೆಯೂ ಕ್ರೌರ್ಯ ಇರುವುದಿಲ್ಲ. ಒಂಟಿಯಾಗಿ ಬದುಕುವ ಮುದುಕಿಗೆ ದೊಡ್ಡ ನಾಯಿಯನ್ನು ಮೂರು ಮಹಡಿ ಇಳಿಸಲು ಆಗದಿರಬಹುದು. ಕೆಲಸ ಹೋದ ಹುಡುಗನಿಗೆ ಲಸಿಕೆಗೂ ದುಡ್ಡಿರದಿರಬಹುದು. ಇಂಥ ಕಡೆ ‘ಅಜ್ಜಿ, ಸಂಜೆ ನಾನೇ ಒಂದು ರೌಂಡು ಕರಕೊಂಡು ಹೋಗ್ತೀನಿ ಬಿಡಿ’ ಎಂಬ ಮಾತು ಎಫ್‌ಐಆರ್‌ಗಿಂತ ಬೇಗ ಕೆಲಸ ಮಾಡುತ್ತದೆ. ಇಂಗ್ಲೆಂಡಿನ 2006ರ ಪ್ರಾಣಿ ಕಲ್ಯಾಣ ಕಾಯ್ದೆಯಲ್ಲಿ ಇದಕ್ಕೊಂದು ಮೆಟ್ಟಿಲಿದೆ: ಏನು ಸರಿಪಡಿಸಬೇಕು, ಎಷ್ಟು ದಿನದೊಳಗೆ ಎಂದು ತಿಳಿಸುವ ಸುಧಾರಣಾ ನೋಟಿಸು. ನಮ್ಮ ಕಾಯ್ದೆಯಲ್ಲಿ ಆ ನಡುಮೆಟ್ಟಿಲಿಲ್ಲ. ಅಸೋಸಿಯೇಷನ್ ಕೊಡುವ ಲಿಖಿತ ಎಚ್ಚರಿಕೆ ಆ ಜಾಗವನ್ನು ಸ್ವಲ್ಪ ತುಂಬಬಲ್ಲದು. ಎಚ್ಚರಿಕೆಯ ಪ್ರತಿ ಮುಂದೆ ಸಾಕ್ಷ್ಯವೂ ಆಗುತ್ತದೆ. ಆದರೆ ಮೂರು ತಿಂಗಳ ಗಡುವನ್ನು ಮರೆಯಬಾರದು.

ಅಸೋಸಿಯೇಷನ್‌ಗಳೇ ಸಮಸ್ಯೆಯ ಭಾಗವಾಗುವುದೂ ಉಂಟು. ಬಹುಮತವಿದ್ದರೂ ಸಾಕುಪ್ರಾಣಿ ನಿಷೇಧಿಸುವ ಅಧಿಕಾರ ಅವುಗಳಿಗಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ. 2018ರಲ್ಲಿ ಬಿಬಿಎಂಪಿ ಫ್ಲಾಟಿಗೆ ಒಂದು, ಸ್ವತಂತ್ರ ಮನೆಗೆ ಮೂರು ನಾಯಿ ಎಂದು ಮಿತಿ ಹಾಕಲು ಹೊರಟು, ವಿರೋಧ ಬಂದ ಮೇಲೆ ಹಿಂದೆ ಸರಿಯಿತು. ಲಿಫ್ಟು ಹತ್ತಿಸಬೇಡಿ, ಬೊಗಳಬಾರದು ಎಂಬ ಒತ್ತಡ ಹೆಚ್ಚಿದಷ್ಟೂ ನಾಯಿ ಬಾಲ್ಕನಿಗೆ, ಅಲ್ಲಿಂದ ಬೀದಿಗೆ ತಳ್ಳಲ್ಪಡುತ್ತದೆ. ಹಾಗೆ ಬೀದಿಗೆ ಬಿದ್ದ ಸಾಕುನಾಯಿ ಬಹಳ ದಿನ ಬಾಳುವುದಿಲ್ಲ. ಪಾಲಿಕೆಯ 2023ರ ಎಣಿಕೆಯಂತೆ ನಗರದಲ್ಲಿ 2.79 ಲಕ್ಷ ಬೀದಿನಾಯಿಗಳಿದ್ದವು. ಅವುಗಳ ಎಲ್ಲೆಯೊಳಗೆ ಕಾಲಿಟ್ಟ ಪಗ್ ಅಥವಾ ಲ್ಯಾಬ್ರಡಾರಿಗೆ ಕಚ್ಚಿಸಿಕೊಳ್ಳುವುದು, ಗಾಡಿಗೆ ಸಿಕ್ಕುವುದು ಬಿಟ್ಟು ಬೇರೆ ದಾರಿ ಕಡಿಮೆ. ತೊರೆದ ಮಾಲೀಕರನ್ನು ಹುಡುಕಲು ಮೈಕ್ರೋಚಿಪ್ ನೆರವಾಗುತ್ತದೆ. ಚಿಪ್ಪಿಲ್ಲದಿದ್ದರೆ ಬಡಾವಣೆಯ ಪಶುವೈದ್ಯರ ಲಸಿಕೆ ಪುಸ್ತಕ, ಕಾವಲುಗಾರನ ನೆನಪು, ಹಳೆಯ ಫೋಟೋ ಇವೇ ಗತಿ.

ಕೆಂಪಾಪುರದಂಥ ಕಡೆ ಹೊಡೆತಕ್ಕಿಂತ ತೊರೆಯುವಿಕೆ ದೊಡ್ಡ ವಿಷಯ. ಕಾಲೇಜು ಮುಗಿಸಿ ಊರಿಗೆ ಹೊರಟವರು, ಕಂಪನಿ ಬದಲಿಸಿದವರು, ಮಾಲೀಕರು ಬೇಡ ಎಂದ ಮನೆಗೆ ಹೋಗುವವರು ಪ್ರಾಣಿಯನ್ನು ಹಿಂದೆ ಬಿಡುತ್ತಾರೆ. ಪಿಜಿಯಲ್ಲಿ ಗುಟ್ಟಾಗಿ ಸಾಕಿದ ಬೆಕ್ಕಿನ ಮರಿಗೆ ಮೊದಲಿನಿಂದಲೂ ವಿಳಾಸವಿರುವುದಿಲ್ಲ. ಬಾಡಿಗೆ ಕರಾರಿನಲ್ಲೇ ಪ್ರಾಣಿಯ ಹೆಸರು, ಲಸಿಕೆ ವಿವರ ಬರೆದುಕೊಳ್ಳುವ ಮಾಲೀಕರು ‘ಪ್ರಾಣಿಗೆ ಅವಕಾಶವಿಲ್ಲ’ ಎಂದು ಬೋರ್ಡು ಹಾಕುವವರಿಗಿಂತ ಹೆಚ್ಚು ತಡೆ ಸಾಧಿಸುತ್ತಾರೆ. ನಾಯಿ ನಡೆಸಲು, ರಜೆಯಲ್ಲಿ ನೋಡಿಕೊಳ್ಳಲು ಜನರನ್ನು ನೇಮಿಸುವಾಗ ಸಂಬಳ ಮಾತಾಡುವಷ್ಟೇ ಗಮನವನ್ನು ಅವರು ನಾಯಿಯ ಜೊತೆ ಹೇಗಿರುತ್ತಾರೆ ಎಂಬುದಕ್ಕೂ ಕೊಡಬೇಕು. ನಡೆಸುವವರು ಬಂದ ಕೂಡಲೇ ನಾಯಿ ಬಾಲ ಮಡಚಿ ಮಂಚದಡಿ ಸೇರಿದರೆ ಅದೂ ಒಂದು ಹೇಳಿಕೆಯೇ.

ಸುಳ್ಳು ದೂರುಗಳ ಮಾತನ್ನೂ ಹೇಳಬೇಕು. ಪಾರ್ಕಿಂಗ್ ಜಗಳ, ನೀರಿನ ಜಗಳಗಳು ನಾಯಿಯ ಹೆಸರಿನಲ್ಲಿ ಠಾಣೆ ಸೇರುವುದಿದೆ. ಚರ್ಮರೋಗದ ನಾಯಿ ಚಿಕಿತ್ಸೆಯಲ್ಲಿದ್ದರೂ ನೋಡಲು ಭೀಕರವಾಗಿರುತ್ತದೆ, ಮೂತ್ರಪಿಂಡ ಕೆಟ್ಟ ಮುದಿನಾಯಿ ಎಷ್ಟು ತಿಂದರೂ ಸೊರಗುತ್ತದೆ. ಪಶುವೈದ್ಯರ ಚೀಟಿ ಕೇಳದೆ ಮಾಲೀಕರ ಮುಖವನ್ನು ಜಾಲತಾಣಕ್ಕೆ ಹಾಕುವುದು ತನಿಖೆಯನ್ನೂ ಕೆಡಿಸುತ್ತದೆ, ನಿರಪರಾಧಿಯನ್ನೂ ಕೊಲ್ಲುತ್ತದೆ.

1960ರ ಕಾಯ್ದೆಯನ್ನು ಬಿಗಿಗೊಳಿಸುವ ಕರಡು ತಿದ್ದುಪಡಿ ಮಸೂದೆಯನ್ನು ಕೇಂದ್ರ 2022ರ ನವೆಂಬರ್‌ನಲ್ಲಿ ಸಾರ್ವಜನಿಕ ಅಭಿಪ್ರಾಯಕ್ಕೆ ಬಿಟ್ಟಿತು. ಘೋರ ಹಿಂಸೆಗೆ ಕನಿಷ್ಠ 50,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸಜೆ ಅದರಲ್ಲಿತ್ತು. ಸಂಸತ್ತಿನಲ್ಲಿ ಅದು ಕಾಯ್ದೆಯಾಗಿ ಬರಲಿಲ್ಲ.

ನಾಯಿ, ಬೆಕ್ಕು ಬಿಟ್ಟು

ಮನೆಯಲ್ಲಿ ಸಾಕಿದ ಎಲ್ಲ ಪ್ರಾಣಿಗೂ ಒಂದೇ ಕಾನೂನು ಅನ್ವಯಿಸದು. ಪಂಜರದ ದೇಶಿ ಗಿಳಿ, ಅದೃಷ್ಟಕ್ಕೆಂದು ತೊಟ್ಟಿಯಲ್ಲಿಟ್ಟ ನಕ್ಷತ್ರ ಆಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿಯವು. ಅವುಗಳನ್ನು ಎಷ್ಟೇ ಪ್ರೀತಿಯಿಂದ ಸಾಕಿದರೂ ಇಟ್ಟುಕೊಳ್ಳುವುದೇ ಅಪರಾಧ, ದೂರು ಹೋಗಬೇಕಾದದ್ದು ಅರಣ್ಯ ಇಲಾಖೆಗೆ. ವಿದೇಶಿ ಲವ್‌ಬರ್ಡ್‌ಗಳನ್ನು ಸಾಕಬಹುದು, ಆದರೆ ಪಂಜರದ ಇಕ್ಕಟ್ಟು 1960ರ ಕಾಯ್ದೆಗೆ ಸಿಕ್ಕಿಬೀಳುತ್ತದೆ. ಪಂಜರದ ದೇಶಿ ಗಿಳಿಯೊಂದು ಕೈಗೆ ಬಂದರೆ ಕಿಟಕಿ ತೆರೆದು ಹಾರಿಬಿಡುವುದು ಉಪಕಾರವಲ್ಲ. ಸಾಮಾನ್ಯವಾಗಿ ಅದರ ರೆಕ್ಕೆ ಕತ್ತರಿಸಿರುತ್ತಾರೆ. ಹಾರಲಾರದ ಗಿಳಿಯನ್ನು ಹೊರಗೆ ಕಾಯುತ್ತಿರುವ ಕಾಗೆ, ಹದ್ದುಗಳು ಬಿಡುವುದಿಲ್ಲ. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲು ಮಾಡಿಟ್ಟು ಇಲಾಖೆಯವರಿಗೆ ಅಥವಾ ಪಕ್ಷಿ ಪುನರ್ವಸತಿ ಕೇಂದ್ರಕ್ಕೆ ಒಪ್ಪಿಸಿದರೆ, ಹೊಸ ಗರಿ ಮೂಡಿದ ಮೇಲೆ ಬಿಡಬಹುದೇ ಎಂಬುದನ್ನು ಅವರು ನಿರ್ಧರಿಸುತ್ತಾರೆ.